ಕಾಣೆಯಾದ ನೆಗೆಟಿವ್ ರಕ್ತ

ಲ್ಯಾಬಿನ ಫ್ರಿಜ್ಜು ಬಾಯಿ ತೆರೆದುಕೊಂಡು ನಿಂತಿತ್ತು. ನೆಲದ ತುಂಬ ಗಾಜು, ರಕ್ತ. ಬಾಗಿಲ ಬೀಗದ ಮೇಲೆ ಒಂದು ಗೀರೂ ಇಲ್ಲ.

ಲ್ಯಾಬ್ ನಡೆಸುವ ಡಾಕ್ಟರಮ್ಮ ಒಡೆದ ಟ್ಯೂಬುಗಳ ಚೀಟಿಗಳನ್ನು ಚಿಮಟದಿಂದ ಎತ್ತಿ ಜೋಡಿಸುತ್ತಿದ್ದರು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ನಿನ್ನೆ ಒಬ್ಬ ಲಾರಿ ಡ್ರೈವರ್ ಕೂಗಾಡಿದ್ದ ಸಾರ್. ಸಿಫಿಲಿಸ್ ವಾಸಿಯಾಗಿ ಎಷ್ಟೋ ಕಾಲ ಆಯ್ತು, ಇನ್ನೂ ಪಾಸಿಟಿವ್ ಅಂತೀರಲ್ಲ ಅಂತ."

*

ಡ್ರೈವರ್ ಲಾರಿಯ ಅಡಿಯಿಂದ ತಲೆ ಹೊರಹಾಕಿದ.

"ಕೂಗಾಡಿದ್ದು ನಿಜ. ಆಮೇಲೆ ಆಯಮ್ಮ ಕೂರಿಸಿ ಹೇಳಿದ್ರು. ಒಂದು ಟೆಸ್ಟು ಹಳೇ ಗಾಯದ ಕಲೆ ಇದ್ದ ಹಾಗಂತೆ, ವಾಸಿಯಾದ್ರೂ ಪಾಸಿಟಿವ್ವೇ. ವಿಡಿಆರ್‌ಎಲ್ ಅಂತ ಇನ್ನೊಂದಿದೆ. ಔಷಧಿ ನಾಟಿದ್ರೆ ಅದು ಇಳಿಯುತ್ತೆ. ನಂದು ಇಳಿದಿದೆ. ರಿಪೋರ್ಟ್ ನೋಡಿ ನನ್ನ ಹೆಂಡ್ತಿ ಬೈಗುಳಕ್ಕೇ ರಜಾ ಕೊಟ್ಲು ಸಾರ್. ನಾನ್ಯಾಕೆ ಒಡೀಲಿ?"

*

"ಒಂದು ಟ್ಯೂಬ್ ಇಲ್ಲ, ಅದರ ಚೀಟಿಯೂ ಇಲ್ಲ," ಎಂದರು ಡಾಕ್ಟರಮ್ಮ. "ಎದುರು ರಸ್ತೆಯ ಚರ್ಮದ ಡಾಕ್ಟ್ರು ಕಳಿಸಿದ್ದು. ಹೆಸರಿಲ್ಲ, ಬರೀ ನಂಬರು."

"ಪಾಸಿಟಿವ್ವಾ?"

"ನೆಗೆಟಿವ್. ರಿಪೋರ್ಟೂ ನಿನ್ನೆಯೇ ಕಳಿಸಿಬಿಟ್ಟಿದ್ದೆ."

"ನೆಗೆಟಿವ್ ರಕ್ತ ಕದಿಯೋಕೆ ಕಳ್ಳನಿಗೇನು ತಲೆ ಕೆಟ್ಟಿತ್ತಾ?"

"ರೋಗಿಯ ಅಂಗೈ, ಅಂಗಾಲಲ್ಲಿ ಕಲೆಗಳಿವೆ ಅಂತ ಬರೆದಿದ್ರು. ಅದು ಸಿಫಿಲಿಸ್ಸಿನ ಎರಡನೇ ಹಂತ ಇರಬಹುದು. ಆಗ ರಕ್ತದಲ್ಲಿ ಪ್ರತಿಕಾಯಗಳು ಕಿಕ್ಕಿರಿದಿರುತ್ತವೆ. ತೀರಾ ಅತಿಯಾದ್ರೆ ವಿಡಿಆರ್‌ಎಲ್ಲೇ ಮಂಕಾಗಿ ನೆಗೆಟಿವ್ ಅಂದುಬಿಡುತ್ತೆ. ಅದೇ ರಕ್ತ ತೆಳು ಮಾಡಿ ನೋಡಿದ್ರೆ ನಿಜ ಹೊರಬೀಳುತ್ತೆ. ಇವತ್ತು ನೋಡೋಣ ಅಂತ ಇಟ್ಟಿದ್ದೆ."

"ಅದನ್ನ ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ."

ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಮನೇಲಿ?"

"ಊಟಕ್ಕೆ ಕೂತಾಗ ಏನೋ ಅಂದೆ. ನಮ್ಮ ಯಜಮಾನ್ರು ಕೇಳಿಸ್ಕೊಳ್ಳಲ್ಲ ಸಾರ್. ನಾನು ಗೋಡೆಗೆ ಹೇಳಿದ ಹಾಗೆ."

"ಲ್ಯಾಬಿನ ಇನ್ನೊಂದು ಕೀ ಎಲ್ಲಿರುತ್ತೆ?"

ಡಾಕ್ಟರಮ್ಮ ಚಿಮಟವನ್ನು ಮೆಲ್ಲಗೆ ಕೆಳಗಿಟ್ಟರು.

*

ಕರೆಸಿದ್ದಕ್ಕೆ ಗಂಡ ಬಂದ. ಎರಡೂ ಕೈ ಜೇಬಿನಲ್ಲಿ. ಇನ್‌ಸ್ಪೆಕ್ಟರ್ ಟೀ ಲೋಟ ಚಾಚಿದರು.

"ಬೇಡ."

"ಟೀ ಬಿಡಿ. ಕೈ ತೆಗೀರಿ ಸ್ವಾಮಿ."

ಅಂಗೈ ತುಂಬ ತಾಮ್ರದ ಬಣ್ಣದ ಕಲೆಗಳು.

"ಬೀಗ ಒಡೆದಿಲ್ಲ, ಕೀ ಇತ್ತು. ಉಳಿದದ್ದೆಲ್ಲ ಒಡೆದದ್ದು ಒಂದನ್ನ ಮರೆಸೋಕೆ. ನೆಗೆಟಿವ್ ರಿಪೋರ್ಟ್ ನಿಮ್ಮ ಕೈಲಿತ್ತು. ಅದು ಸುಳ್ಳಾಗಬಹುದು ಅಂತ ಗೊತ್ತಿದ್ದದ್ದು ಇವರಿಗೆ, ಇವರಿಂದ ನಿಮಗೆ. ಅಷ್ಟೇ."

ಗಂಡ ಹೆಂಡತಿಯತ್ತ ತಿರುಗಿದ. "ಪಾಸಿಟಿವ್ ಬಂದ್ರೆ ಹೆಂಡತೀನ ಕರ್ಕೊಂಡು ಬಾ ಅಂದಿದ್ರು ಆ ಡಾಕ್ಟ್ರು. ನಿನಗೆ ಯಾವ ಬಾಯಲ್ಲಿ ಹೇಳ್ಲಿ?"

"ನನಗೂ ಅಂಟಿರಬಹುದು ಅಂತ ಗೊತ್ತಿದ್ದೂ!" ಡಾಕ್ಟರಮ್ಮನ ದನಿ ಏರಲಿಲ್ಲ. "ಅಂತೂ ನಾನು ಹೇಳಿದ್ದನ್ನ ಒಂದು ದಿನ ಕಿವಿಗೆ ಹಾಕ್ಕೊಂಡ್ರಿ."

*

ಪೇದೆ ಅವನನ್ನು ಕರೆದೊಯ್ದ. ಡಾಕ್ಟರಮ್ಮ ತಮ್ಮ ತೋಳಿಗೆ ರಬ್ಬರ್ ಪಟ್ಟಿ ಸುತ್ತಿಕೊಂಡರು.

"ಸಾರ್, ಈ ತುದಿ ಹಿಡ್ಕೊಳ್ತೀರಾ? ಒಂದೇ ಕೈಲಿ ಆಗಲ್ಲ."

ಹಿಡಿದರು. ರಕ್ತ ಟ್ಯೂಬಿಗೆ ಇಳಿಯಿತು.

"ನೆಗೆಟಿವ್ ಬಂದ್ರೆ ನೆಮ್ಮದಿ ಅಲ್ವಾ?"

"ಇಲ್ಲ. ಈಗಷ್ಟೇ ಅಂಟಿದ್ರೆ ರಕ್ತ ಇನ್ನೂ ಬಾಯಿ ಬಿಟ್ಟಿರಲ್ಲ. ಇಂಜೆಕ್ಷನ್ ಹೇಗೂ ತಗೋತೀನಿ. ಕೆಲವು ವಾರ ಬಿಟ್ಟು ಮತ್ತೆ ತೆಗೀಬೇಕು."

ಆಗ ಪಟ್ಟಿ ಹಿಡಿಯುವವರು ಯಾರು ಎಂದು ಇಬ್ಬರೂ ಕೇಳಲಿಲ್ಲ. ಸೂಜಿ ಚುಚ್ಚಿದ ಜಾಗಕ್ಕೆ ಇನ್‌ಸ್ಪೆಕ್ಟರ್ ಹತ್ತಿ ಒತ್ತಿದರು. ರಕ್ತ ಆಗಲೇ ನಿಂತಿತ್ತು. ಸಾಕು ಎಂದು ಡಾಕ್ಟರಮ್ಮ ಹೇಳಲಿಲ್ಲ. ಇವರು ಕೈ ತೆಗೆಯಲೂ ಇಲ್ಲ.