ಜೇನುಗಲ್ಲಿನ ಹಗ್ಗ

ಬಹಳ ಹಿಂದೆ, ಮಾಗಳಿ ರಾಜ್ಯವನ್ನು ಒಂಬತ್ತನೆಯ ದೊರೆ ಆಳುತ್ತಿದ್ದ ಕಾಲದಲ್ಲಿ, ಮರಗಳು ಹೂ ಬಿಡುವ ತಿಂಗಳಲ್ಲಿ ಇದು ನಡೆಯಿತು.

ಆ ರಾಜ್ಯದ ಜೇನುಗಲ್ಲು ಎಂಬ ಕರಿಬಂಡೆ ಲೋಕಪ್ರಸಿದ್ಧ. ಅದನ್ನು ನೋಡಲು ಏಳು ದೇಶದವರು ಬರುತ್ತಾರೆ, ದೊರೆಯ ಶಾಸನ ಓದಿ ಹೋಗುತ್ತಾರೆ. ಆ ಶಾಸನದಲ್ಲಿ ಹಗ್ಗ ಹಿಡಿದ ಕೇತನ ಹೆಸರಿಲ್ಲ.

ಧೂಮಕನೆಂಬ ಮಾಟಗಾರ ಬಂಡೆಯ ಹೆಜ್ಜೇನುಗಳನ್ನೆಲ್ಲ ಕಲ್ಲು ಮಾಡಿದ. ಜೇನಿಲ್ಲದೆ ಹೂ ಕಾಯಿಯಾಗಲಿಲ್ಲ. ರಾಜ್ಯ ಹಸಿಯಿತು. ಮಾಟಗಾರನ ಪ್ರಾಣ ಬಂಡೆಯ ನಡುವಿನ ಒಂದು ಕಪ್ಪು ಜೇನುಹುಟ್ಟಿನಲ್ಲಿತ್ತು. ಅದನ್ನು ಕೊಯ್ಯಲು ಬಂಡೆಯ ನೆತ್ತಿಯಿಂದ ಹಗ್ಗ ಕಟ್ಟಿಕೊಂಡು ಒಬ್ಬರಾದ ಮೇಲೊಬ್ಬರು ಮೂವರು ಇಳಿದರು. ಮೇಲೆ ಹಗ್ಗ ಹಿಡಿದ ಕೈ ತಾನಾಗಿ ಬಿಟ್ಟರೆ ಮಾತ್ರ ಇಳಿದವರ ಮೇಲೆ ಧೂಮಕನ ಮಾಟ ನಡೆಯುತ್ತಿತ್ತು. ಹಿಡಿದಿದ್ದವರು ಅರಮನೆಯ ಭಟರು. ಹೆದರಿಕೆಗೋ ಆಸೆಗೋ ಮೂರು ಸಲವೂ ಬಿಟ್ಟರು. ಬಿದ್ದವರು ಬಂಡೆಯ ಬುಡದಲ್ಲಿ ಕಲ್ಲಾದರು.

ನಾಲ್ಕನೆಯವನು ಜೇನು ಕೊಯ್ಯುವ ಜಡೆಯ.

"ನಿನ್ನ ಹಗ್ಗ ನಮ್ಮ ಸೇನಾಪತಿ ಹಿಡಿಯುತ್ತಾನೆ" ಎಂದ ದೊರೆ.

"ಸೇನಾಪತಿ ಬೇಡ ಬುದ್ಧಿ. ಬಾಮೈದ ಬೇಕು."

ಜೇನಿನವರ ಪದ್ಧತಿಯೇ ಹಾಗೆ. ಇಳಿಯುವವನ ಹಗ್ಗ ಹೆಂಡತಿಯ ತಮ್ಮನ ಕೈಯಲ್ಲಿರಬೇಕು. ಒಡಹುಟ್ಟಿದವನಿಗೆ ಪಾಲಿನ ಆಸೆ ಇದ್ದೀತು. ಅಕ್ಕನ ತಾಳಿ ಕೀಳುವ ಆಸೆ ಯಾವ ತಮ್ಮನಿಗೂ ಇರುವುದಿಲ್ಲ.

ಆ ತಮ್ಮನೇ ಕೇತ. ಅವನಿಗೆ ಭಾವನ ಮೇಲೆ ಸಿಟ್ಟಿತ್ತು. ಮದುವೆಯ ಊಟದಲ್ಲಿ ಎಲ್ಲರೆದುರು ಜಡೆಯ ಅವನನ್ನು ಕೈಲಾಗದವನು ಅಂದಿದ್ದ. ಅಂದಿನಿಂದ ಮಾತಿಲ್ಲ. ಈಗಲೂ ಮಾತಾಡದೆ ಬಂದ, ಬಳ್ಳಿಹಗ್ಗವನ್ನು ಸೊಂಟಕ್ಕೆ ಸುತ್ತಿ ಕಾಲೂರಿ ಕುಳಿತ. ಜಡೆಯ ಇಳಿದ.

ಮಾಟಗಾರ ಹೊಗೆ ಉಗುಳುವ ಹುಲಿಯಾಗಿ ಕೇತನ ಮುಂದೆ ಬಂದ. "ಬಿಡು. ಇಲ್ಲವೇ ತಿನ್ನುತ್ತೇನೆ."

"ತಿನ್ನು. ಹಗ್ಗ ಸೊಂಟಕ್ಕಿದೆ. ಹೆಣವೂ ಭಾರವೇ."

ಬಿಳಿ ಆನೆಯಾಗಿ ಬಂದು ಸೊಂಡಿಲಲ್ಲಿ ಕಿರೀಟ ನೀಡಿದ. "ಬಿಡು. ನೀನೇ ದೊರೆ."

"ಕಿರೀಟ ಇಟ್ಟುಕೊಳ್ಳಲು ಕೈ ಬೇಕು. ಎರಡೂ ಹಗ್ಗದ ಮೇಲಿವೆ."

ಮೂರನೆಯ ಸಲ ಅಕ್ಕ ಮಾದಿಯಾಗಿ ಬಂದ. ಕೆನ್ನೆ ಬಾತಿತ್ತು. "ತಮ್ಮಾ, ಅವನು ದಿನಾ ಹೊಡೀತಾನೆ ಕಣೋ. ಬಿಟ್ಟುಬಿಡು. ನಾನೇ ಹೇಳ್ತಿದ್ದೀನಲ್ಲ" ಎಂದು ಕಿವಿಯಲ್ಲಿ ಪಿಸುಗುಟ್ಟಿದ.

ಕೇತನ ಹಿಡಿತ ಸಡಿಲಿತು. ಹಗ್ಗ ಒಂದು ಮೊಳ ಜಾರಿತು, ಅಂಗೈ ಸುಲಿಯಿತು. ಅವನು ಹಲ್ಲು ಕಚ್ಚಿ ಮತ್ತೆ ಹಿಡಿದ.

"ನಮ್ಮಕ್ಕ ಬೈದರೆ ಭಾವನ ಎದುರಿಗೇ ಬೈಯುತ್ತಾಳೆ, ಊರಿಗೇ ಕೇಳಿಸುವ ಹಾಗೆ. ಪಿಸುಗುಟ್ಟುವವಳಲ್ಲ. ನೀನು ಅಕ್ಕನೇ ಆಗಿದ್ದರೂ ಬಿಡುವುದಿಲ್ಲ. ಅವನು ಮೇಲೆ ಬರಲಿ, ನಾನೇ ವಿಚಾರಿಸಿಕೊಳ್ಳುತ್ತೇನೆ."

ಕೆಳಗೆ ಜಡೆಯನ ಕತ್ತಿ ಕಪ್ಪು ಹುಟ್ಟನ್ನು ಕೊಯ್ದಿತು. ಮಾಟಗಾರ ಮೇಣದಂತೆ ಕರಗಿಹೋದ. ಕಲ್ಲಾಗಿದ್ದ ಜೇನುಗಳು ರೆಕ್ಕೆ ಕೊಡವಿದವು. ಬುಡದಲ್ಲಿ ಮೂವರು ಎದ್ದು ಕುಳಿತರು.

ಮೇಲೆ ಬಂದ ಜಡೆಯ ಬಾಮೈದನ ಅಂಗೈ ನೋಡಿದ. "ಕೈಲಾಗದವನು ಅಂದಿದ್ದೆ..."

"ಇನ್ನೊಮ್ಮೆ ಅನ್ನು ಭಾವ. ಮುಂದಿನ ಸಲ ಇಳಿದಾಗ, ಹಗ್ಗದ ತುದಿಯಲ್ಲಿ ನೇತಾಡುತ್ತ ಅನ್ನು."

ಇಬ್ಬರೂ ನಕ್ಕರು. ಹೂಗಳು ಕಾಯಾದವು. ರಾಜ್ಯ ಉಂಡು ಸುಖವಾಗಿತ್ತು. ದೊರೆ ಶಾಸನದಲ್ಲಿ ತನ್ನ ಹೆಸರು ಕೊರೆಸಿದ. ಜೇನಿಗೆ ಓದಲು ಬರುವುದಿಲ್ಲ. ಆ ವರ್ಷ ಜೇನುಗಲ್ಲಿನಲ್ಲಿ ಕಟ್ಟಿದ ಹುಟ್ಟುಗಳು ನೂರ ಹದಿನೇಳು.