ಗೊಂಬೆಗಳ ಕೋಟೆಗೆ ಹೋದ ಚೆನ್ನಾಜಿ

ಬಹಳ ಬಹಳ ಹಿಂದೆ, ಕಾಡುಮೃಗಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಸಿರಿಹೊಳೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲೊಂದು ಪದ್ಧತಿ. ಬೇಸಿಗೆ ಬಂದು ಪಾಠಶಾಲೆಯ ಬಾಗಿಲು ಮುಚ್ಚಿದ ಕೂಡಲೇ ಊರಿನ ಪುಟ್ಟ ಮಕ್ಕಳೆಲ್ಲ ಅರಮನೆಯ ಹಿಂದಿದ್ದ ಹುಣಸೆಮರದ ಮಂಟಪಕ್ಕೆ ಬರಬೇಕು. ಅಲ್ಲಿ ಓದು ಬರಹದ ತಂಟೆಯಿಲ್ಲ. ಚುಕ್ಕಿ ಇಟ್ಟು ರಂಗೋಲಿ ಬಿಡುವುದು, ಹುಣಸೆಬೀಜ ಹಾಕಿ ಅಳಿಗುಳಿಮಣೆ ಆಡುವುದು, ಕೋಲಾಟದ ಕೋಲು ಹಿಡಿದು ಕುಣಿಯುತ್ತ ಹನ್ನೆರಡು ಮಾಸಗಳ ಹೆಸರು ಹೇಳುವುದು, ಇವೇ ಪಾಠ. ಅಜ್ಜಿಯರು ಕಲಿತದ್ದು ಮೊಮ್ಮಕ್ಕಳ ಕೈಗೆ ದಾಟುತ್ತಿದ್ದುದು ಹೀಗೆ.

ಕಲಿಸುತ್ತಿದ್ದವಳು ಚೆನ್ನಾಜಿ. ವಯಸ್ಸು ಚಿಕ್ಕದು, ಕೈ ಮಾತ್ರ ಅಪರಂಜಿ. ಅವಳು ಎಳೆದ ಎಳೆ ಸೊಟ್ಟಗಾದದ್ದನ್ನು ಕಂಡವರೇ ಇಲ್ಲ. ಅವಳಿಗೆ ಅದೇ ಹೆಮ್ಮೆ, ಮಕ್ಕಳಿಗೆ ಅದೇ ತಲೆನೋವು. ಯಾವ ಮಗುವಿನ ರಂಗೋಲಿಯಾದರೂ ಒಂದಿಷ್ಟು ವಕ್ರವಾದರೆ ಸಾಕು, ಚೆನ್ನಾಜಿ ಅದನ್ನು ಒರೆಸಿ ತಾನೇ ಬಿಡುವಳು. ಮಂಟಪದ ತುಂಬ ರಂಗೋಲಿಗಳು ಚೆಂದವಾಗಿದ್ದವು, ಎಲ್ಲವೂ ಅವಳವೇ.

ಒಂದು ಮಧ್ಯಾಹ್ನ ಅವಳು ದೊಡ್ಡದೊಂದು ರಂಗೋಲಿ ಬಿಡುತ್ತಿದ್ದಳು. ಸುತ್ತ ನಿಂತ ಮಕ್ಕಳ ಗಲಾಟೆಯೋ ಗಲಾಟೆ. ಒಬ್ಬ ಅಡ್ಡ ಬಂದ, ಒಬ್ಬಳು ಚುಕ್ಕಿ ತುಳಿದಳು. ಚೆನ್ನಾಜಿಯ ತಾಳ್ಮೆ ಹಾರಿಹೋಯಿತು.

"ಸಾಕು! ಎಲ್ಲಾ ಗೊಂಬೆಗಳ ಹಾಗೆ ಕೂತ್ಕೊಳ್ಳಿ! ಒಬ್ಬರೂ ತುಟಿ ಬಿಚ್ಚಕೂಡದು!"

ಕೆಟ್ಟ ಮಾತು ಆಡಬೇಡಿ, ಅಸ್ತು ಅನ್ನುವ ದೇವತೆಗಳು ಓಡಾಡುತ್ತಿರುತ್ತವೆ ಎಂದು ಹಿರಿಯರು ಗದರುತ್ತಾರಲ್ಲ? ಅವತ್ತು ಕಿವಿಗೊಟ್ಟದ್ದು ದೇವತೆಯಲ್ಲ. ಸ್ತಂಭಕನೆಂಬ ಮಾಯಾವಿ. ಸದ್ದು ಕಂಡರಾಗದವನು, ಅಲುಗಾಡುವುದನ್ನು ಕಂಡರೆ ಮೈ ಉರಿಯುವವನು. ಎಷ್ಟೋ ದಿನದಿಂದ ಹುಣಸೆಮರದ ಮೇಲೆ ಕೂತು ಇಂಥದೇ ಒಂದು ಮಾತಿಗಾಗಿ ಕಾಯುತ್ತಿದ್ದ.

"ಅಸ್ತು!" ಎಂದ.

ಮಕ್ಕಳೆಲ್ಲ ಇದ್ದಲ್ಲೇ ಮಣ್ಣಿನ ಗೊಂಬೆಗಳಾದರು. ಸುಂಟರಗಾಳಿ ಎದ್ದು ಗೊಂಬೆಗಳನ್ನೆಲ್ಲ ಎತ್ತಿಕೊಂಡಿತು. ಗಾಳಿಯೊಳಗಿಂದ ಮಾಯಾವಿಯ ನಗು ಕೇಳಿತು: "ಸುಡದ ಹಸಿಮಣ್ಣು ಇವು! ಮೊದಲ ಮಳೆ ಬೀಳುವ ತನಕ ನನ್ನ ಅಂಗಳದಲ್ಲಿ ಚೆಂದವಾಗಿ ಕೂತಿರುತ್ತವೆ. ಆಮೇಲೆ ಕೆಸರು!"

ಊರೆಲ್ಲ ಗೋಳಾಡಿತು. ತಾಯಂದಿರು ಮಂಟಪಕ್ಕೆ ಓಡಿಬಂದು ಖಾಲಿ ಜಗಲಿ ನೋಡಿ ಕುಸಿದರು. ರಾಜ ಸೈನ್ಯ ಕೂಡಿಸಲು ಹೊರಟಾಗ ಚೆನ್ನಾಜಿ ಅಡ್ಡ ನಿಂತಳು. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ.

"ಮಹಾಪ್ರಭು, ಕತ್ತಿ ಬೀಸಿದರೆ ಮೊದಲು ಒಡೆಯೋದು ಗೊಂಬೆಗಳೇ. ಆಡಬಾರದ ಮಾತು ಆಡಿದವಳು ನಾನು. ನಾನೇ ಹೋಗ್ತೀನಿ. ಮಕ್ಕಳಿಲ್ಲದೆ ಈ ಊರಿಗೆ ಕಾಲಿಡಲ್ಲ."

ಮಡಿಲಿಗೆ ಒಂದಿಷ್ಟು ರಂಗೋಲಿ ಪುಡಿ, ಒಂದು ಹಿಡಿ ಹುಣಸೆಬೀಜ ಕಟ್ಟಿಕೊಂಡಳು. ಸೊಂಟಕ್ಕೆ ಜೋಡಿ ಕೋಲು ಸಿಕ್ಕಿಸಿಕೊಂಡಳು. ಸುಂಟರಗಾಳಿ ಹೋದ ಬಡಗಣ ದಿಕ್ಕಿಗೆ ನಡೆದಳು.

ನಡೆದು ನಡೆದು ಕಗ್ಗಾಡು ಸಿಕ್ಕಿತು. ಕಾಡಿನ ಬಾಗಿಲಲ್ಲಿ ಬೆಂಕಿಗಣ್ಣಿನ ಹುಲಿ. ಮಾಯಾವಿ ಅದರ ನಿದ್ದೆ ಕದ್ದು ಕಾವಲಿಗೆ ನಿಲ್ಲಿಸಿದ್ದ.

"ನಿಲ್ಲು! ನಿದ್ದೆಯಿಲ್ಲದೆ ತಲೆ ಸಿಡೀತಿದೆ, ಎದುರು ಬಂದವರನ್ನ ಸೀಳಿಹಾಕ್ತೀನಿ" ಎಂದು ಗರ್ಜಿಸಿತು.

ಚೆನ್ನಾಜಿ ಹಿಂದೆ ಸರಿಯಲಿಲ್ಲ. ಅಲ್ಲೇ ಕೂತು, ತೊಡೆ ತಟ್ಟುತ್ತ ಜೋಗುಳ ಹಾಡಿದಳು.

"ಅತ್ತ ಬೆಟ್ಟ ಮಲಗೀತು, ಇತ್ತ ಕೊಳವೂ ಮಲಗೀತು, ಪಟ್ಟೆ ಪಟ್ಟೆ ಹುಲಿಯಣ್ಣ, ಪುಟ್ಟ ಕಣ್ಣ ಮುಚ್ಚಣ್ಣ."

ಪುಟ್ಟ ಕಣ್ಣು ಎನ್ನಿಸಿಕೊಂಡದ್ದಕ್ಕೆ ಹುಲಿಗೆ ನಾಚಿಕೆಯೂ ಆಯಿತು, ನಿದ್ದೆಯೂ ಬಂತು. ಗೊರಕೆ ಹೊಡೆಯುತ್ತಿದ್ದ ಅದರ ಪಕ್ಕದಿಂದ ಹಾದು ಚೆನ್ನಾಜಿ ಮುಂದೆ ನಡೆದಳು.

ನಡೆದು ನಡೆದು ಹೊಳೆ ಸಿಕ್ಕಿತು. ದೋಣಿಯಿಲ್ಲ. ನಡುನೀರಲ್ಲಿ ಹಾಸುಬಂಡೆಯಂಥ ಮೊಸಳೆ ಬಾಯಿ ತೆರೆದು ಮಲಗಿತ್ತು.

"ನನ್ನ ಜೊತೆ ಆಟ ಆಡೋರು ಯಾರೂ ಇಲ್ಲ. ಆಡಿದರೆ ದಾಟಿಸ್ತೀನಿ, ಇಲ್ಲದಿದ್ದರೆ ನುಂಗ್ತೀನಿ."

ಚೆನ್ನಾಜಿ ದಡದ ಮರಳಲ್ಲಿ ಎರಡು ಸಾಲು ಗುಳಿ ತೋಡಿ ಹುಣಸೆಬೀಜ ತುಂಬಿದಳು, ಮೊಸಳೆ ತೆವಳಿ ಬಂತು. ಒಂದಾಟ ಆಡಿದರು, ಅವಳೇ ಗೆದ್ದಳು. ಇನ್ನೊಂದಾಟ, ಅವಳೇ ಗೆದ್ದಳು. ಮೂರನೆಯದಕ್ಕೆ ಮೊಸಳೆ ಅತ್ತೇಬಿಟ್ಟಿತು. ಮೊಸಳೆ ಕಣ್ಣೀರು ಅಂತ ನಾವೆಲ್ಲ ನಗುತ್ತೇವೆ, ಪಾಪ, ಅದು ನಿಜವಾಗಿಯೂ ಅಳುತ್ತಿತ್ತು.

"ಗೆಲ್ಲೋದು ಬಿಟ್ಟು ಬೇರೇನೂ ಬರಲ್ವಾ ನಿಂಗೆ? ನಿನ್ನ ಜೊತೆ ಆಡೋರಿಗೆ ಏನು ಸುಖ?"

ಆ ಮಾತು ಚೆನ್ನಾಜಿಯ ಎದೆಗೆ ಚುಚ್ಚಿತು. ಮಂಟಪದ ಮಕ್ಕಳು ನೆನಪಾದರು. "ಬಾ ಮೊಸಳೆಮಾವ, ಯಾವ ಗುಳಿಯಿಂದ ಎತ್ತಬೇಕು ಅಂತ ಹೇಳಿಕೊಡ್ತೀನಿ" ಎಂದಳು. ಒಂದಾಟ ಗೆದ್ದ ಮೊಸಳೆ ಬಾಲ ಬಡಿದು, ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆಚೆದಡಕ್ಕೆ ಬಿಟ್ಟಿತು.

ಆಚೆದಡದಲ್ಲೇ ಮಾಯಾವಿಯ ಕೋಟೆ. ಹಕ್ಕಿಯ ಉಲಿಯಿಲ್ಲ, ಎಲೆಯ ಅಲುಗಾಟವಿಲ್ಲ. ಬಯಲು ಅಂಗಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಣ್ಣಿನ ಗೊಂಬೆಗಳು ಕೂತಿದ್ದವು. ಚೆನ್ನಾಜಿ ಒಂದೊಂದು ಮುಖವನ್ನೂ ಗುರುತಿಸಿದಳು. ಬಾಯಿಬಡುಕಿ ಮಾಕಿ. ಹಲ್ಲು ಬಿದ್ದ ಈರಣ್ಣ. ಮಂಟಪದಲ್ಲಿ ಬಾಯಿ ಬಿಡದೆ ಮೂಲೆಯಲ್ಲಿ ಕೂರುತ್ತಿದ್ದ ಸಿಂಗಾರಿ. ಮೇಲೆ ನೋಡಿದರೆ ಪಡುವಣದಲ್ಲಿ ಕಪ್ಪುಮೋಡ ಕಟ್ಟುತ್ತಿತ್ತು.

ಸ್ತಂಭಕ ಜಗಲಿಯ ಮೇಲಿಂದ ಪಿಸುದನಿಯಲ್ಲಿ ಹೇಳಿದ: "ಎಷ್ಟು ಚೆಂದ ಕೂತಿವೆ ನೋಡು. ನೀನು ಕೇಳಿದ್ದೂ ಇದನ್ನೇ ಅಲ್ಲವೇ?"

"ಕೇಳಿದ್ದು ನಿಜ. ಬುದ್ಧಿಯಿಲ್ಲದೆ ಕೇಳಿದೆ. ಈಗ ವಾಪಸ್ ಕೊಡು."

ಬೇಡಿ ಬಂದವರಿಗೆ ಒಂದು ಅವಕಾಶ ಕೊಡದಿದ್ದರೆ ಮಾಯಾವಿಗಳ ಮಂತ್ರ ಕೈಕೊಡುತ್ತದೆ. ಅದು ಅವರ ಕಟ್ಟಳೆ. ಸ್ತಂಭಕ ಹಲ್ಲು ಕಡಿದ. "ಇವಕ್ಕೆ ಕಿವಿ ಕೇಳುತ್ತೆ, ಕಣ್ಣು ಕಾಣುತ್ತೆ. ಮುಟ್ಟದೆ ಮಾತಾಡಿಸು. ಬಾಯಿ ಬಿಟ್ಟ ಗೊಂಬೆ ನಿನ್ನದು, ಬಿಡದಿದ್ದದ್ದು ಮಳೆಯದು."

ಚೆನ್ನಾಜಿ ಅಂಗಳದಲ್ಲಿ ಕೂತಳು. ತನಗೆ ಬರುವ ಅತಿ ಚೆಂದದ ರಂಗೋಲಿ ಬಿಟ್ಟಳು. ಗೊಂಬೆಗಳು ಸುಮ್ಮನೆ ನೋಡಿದವು. ಅದಕ್ಕಿಂತ ದೊಡ್ಡದು ಬಿಟ್ಟಳು. ಸುಮ್ಮನೆ ನೋಡಿದವು. ಮಾಯಾವಿ ಆಕಳಿಸಿದ. ಬೆರಳಿಗೆ ಬೊಬ್ಬೆ ಬಂದರೂ ಅವಳು ಏಳಲಿಲ್ಲ, ಮೂರನೆಯದಕ್ಕೆ ಚುಕ್ಕಿ ಇಟ್ಟಳು. ಅಷ್ಟರಲ್ಲಿ ಗುಡುಗು ಹೊಡೆಯಿತು. ಕೈ ಬೆಚ್ಚಿತು. ಎಳೆ ಒಂದು ಚುಕ್ಕಿಯನ್ನು ಬಿಟ್ಟು ಆಚೆ ಹಾರಿತು.

ಅವಳ ಜನ್ಮದಲ್ಲೇ ಮೊದಲ ತಪ್ಪು. ನಾಚಿಕೆಯಿಂದ ಒರೆಸಲು ಕೈ ಚಾಚಿದಳು.

"ಅಯ್ಯೋ ಅಕ್ಕಾ! ಚುಕ್ಕಿ ಬಿಟ್ಬಿಟ್ರಿ!"

ಮಾಕಿ! ಮೂಗಿನ ತುದಿಯಲ್ಲಿ ಇನ್ನೂ ಮಣ್ಣು, ಬಾಯಿ ಆಗಲೇ ಊರಗಲ. ಮೆಟ್ಟಿಲಿಂದ ಧುಮುಕಿ ಬಂದು ತಪ್ಪಿದ ಚುಕ್ಕಿಯ ಮೇಲೆ ಬೆರಳಿಟ್ಟಳು. ಕೋಟೆಯ ಒಂದು ಬುರುಜು ಧೊಪ್ಪೆಂದು ಕುಸಿಯಿತು.

ಚೆನ್ನಾಜಿಗೆ ಬೆಳಕು ಹರಿಯಿತು. ಎರಡೂ ಕೈಯಿಂದ ಎಳೆಗಳನ್ನು ಮನಸ್ಸು ಬಂದಂತೆ ಸುತ್ತಿದಳು. "ಅಲ್ಲಲ್ಲ! ಹಾಗಲ್ಲ!" ಎಂದು ನಾಲ್ಕು ಮಕ್ಕಳು ಎದ್ದರು. ಗುಳಿ ತೋಡಿ, ಹುಣಸೆಬೀಜ ಹಾಕುತ್ತ ಬೇಕೆಂದೇ ಒಂದು ಗುಳಿ ಹಾರಿಸಿದಳು. "ಮೋಸ! ಅಕ್ಕ ಮೋಸ ಮಾಡ್ತಿದಾರೆ!" ಎಂದು ಈರಣ್ಣ ಬಿದ್ದ ಹಲ್ಲಿನ ಸಂದಿಯಿಂದ ಕೂಗಿದ. ಅವನ ಗೆಳೆಯರೆಲ್ಲ ಎದ್ದು ಬಂದು ನ್ಯಾಯ ಹೇಳಲು ನಿಂತರು. ಕೋಲು ಹಿಡಿದು ಕುಣಿಯುತ್ತ ಹಾಡಿದಳು, "ಚೈತ್ರ, ವೈಶಾಖ, ಆಷಾಢ, ಕಾರ್ತಿಕ..."

"ಜ್ಯೇಷ್ಠ ಎಲ್ಲಿ ಹೋಯ್ತು?" "ಶ್ರಾವಣ ಬಿಟ್ರಿ!" "ಅಕ್ಕಂಗೆ ಏನೂ ಬರಲ್ಲ!" ಎಂದು ಅಂಗಳವೆಲ್ಲ ಕಿರುಚಿತು. ಬುರುಜುಗಳು ಒಂದರ ಹಿಂದೊಂದು ಉರುಳಿದವು. ಮಾಯಾವಿ ಎರಡೂ ಕಿವಿ ಮುಚ್ಚಿಕೊಂಡು ಜಗಲಿಯ ಮೇಲೆ ಉರುಳಾಡಿದ.

ಒಂದೇ ಒಂದು ಗೊಂಬೆ ಉಳಿಯಿತು, ಸಿಂಗಾರಿ.

ಚೆನ್ನಾಜಿ ರಂಗೋಲಿ ತಪ್ಪಿದಳು. ಸಿಂಗಾರಿ ಏಳಲಿಲ್ಲ. ಆಟ ತಪ್ಪಿದಳು. ಏಳಲಿಲ್ಲ. ಹಾಡು ತಪ್ಪಿದಳು. ಆಗಲೂ ಏಳಲಿಲ್ಲ. ತಣ್ಣನೆ ಗಾಳಿ ಬೀಸಿತು, ಮಣ್ಣಿನ ವಾಸನೆ ಬಂತು. "ಒಂದಾದರೂ ನನ್ನದು!" ಎಂದು ಮಾಯಾವಿ ಕೇಕೆ ಹಾಕಿದ.

ಆಗ ಚೆನ್ನಾಜಿಗೆ ನೆನಪಾಯಿತು. ಈ ಮಗುವೂ ಒಂದು ದಿನ ರಂಗೋಲಿ ಬಿಟ್ಟಿತ್ತು. ಒರೆಸಿದ್ದು ತಾನೇ. ಆಮೇಲೆ ಅದು ಪುಡಿ ಮುಟ್ಟಿರಲಿಲ್ಲ, ಬಾಯಿಯನ್ನೂ ಬಿಟ್ಟಿರಲಿಲ್ಲ. ಬೇರೆಯವರ ತಪ್ಪು ತೋರಿಸಲು ಅದಕ್ಕೆ ಧೈರ್ಯವಾದರೂ ಎಲ್ಲಿಂದ ಬರಬೇಕು?

ಗೊಂಬೆಯ ಮುಂದೆ ಮಂಡಿಯೂರಿ ಕೂತಳು. ಪುಡಿಯನ್ನು ಅದರ ಕಾಲ ಬಳಿ ಸುರಿದಳು.

"ಪುಟ್ಟಿ, ಅವತ್ತು ನೀನೇನು ಬಿಡ್ತಿದ್ದೆ ಅಂತ ನಾನು ಕೇಳಲೇ ಇಲ್ಲ. ತಪ್ಪಾಯ್ತು. ಇದು ಆಟ ಅಲ್ಲ, ನಾಟಕ ಅಲ್ಲ, ನಂಗೆ ನಿಜವಾಗಿಯೂ ಗೊತ್ತಿಲ್ಲ. ಹೇಳಿಕೊಡ್ತೀಯಾ?"

ಗೊಂಬೆಯ ಹಣೆಯ ಮೇಲೆ ಮೊದಲ ಹನಿ ಟಪ್ಪೆಂದು ಬಿತ್ತು.

"ಅದು... ಕೋಳಿ ಅಕ್ಕ" ಎಂದಳು ಸಿಂಗಾರಿ. "ಮರಿಗಳೂ ಇದ್ದವು."

ಹನಿ ಅವಳ ಹಣೆಯಿಂದ ಕೆನ್ನೆಗೆ ಇಳಿಯಿತು. ಕೆನ್ನೆ ಕರಗಲಿಲ್ಲ. ಚೆನ್ನಾಜಿ ಅವಳನ್ನು ಬಾಚಿ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮಂತ್ರಕ್ಕೆ ಇರಲು ಒಂದು ಮೈ ಬೇಕು. ಮಕ್ಕಳ ಮೈ ಬಿಟ್ಟ ಮಂತ್ರ ಹೋಗಲು ಬೇರೆ ಜಾಗವಿಲ್ಲದೆ ಮಾಡಿದವನಿಗೇ ಅಂಟಿಕೊಂಡಿತು. ಸ್ತಂಭಕ ಕಿವಿ ಮುಚ್ಚಿದ ಭಂಗಿಯಲ್ಲೇ ಮಣ್ಣಿನ ಗೊಂಬೆಯಾದ. ಮಳೆ ಧೋ ಎಂದು ಸುರಿಯಿತು. ಮಾಯಾವಿ ಕರಗಿ ಅಂಗಳದ ಕೆಸರಾದ. ಮಕ್ಕಳು ಆ ಕೆಸರಲ್ಲೇ ಥಕಥಕ ಕುಣಿದರು, ಬೇಡ ಎನ್ನಲು ಚೆನ್ನಾಜಿಗೆ ಬಾಯಿ ಬರಲಿಲ್ಲ.

ಮೊಸಳೆಮಾವನ ಬೆನ್ನೇರಿ ಹೊಳೆ ದಾಟಿ ಊರಿಗೆ ಮರಳಿದಾಗ ಒಬ್ಬೊಬ್ಬ ತಾಯಿಯೂ ತನ್ನ ಮಗುವನ್ನು ಎತ್ತಿಕೊಂಡು ಅತ್ತಳು, ನಕ್ಕಳು, ಮೈಯೆಲ್ಲ ಕೆಸರೆಂದು ಬೈದಳು. ಮರುದಿನ ಮಂಟಪದ ನೆಲದ ಮೇಲೆ ಒಂದು ಕೋಳಿ ಮೂಡಿತು. ಕಾಲು ಮೂರಿದ್ದವು, ಮರಿಗಳು ತಾಯಿಗಿಂತ ದೊಡ್ಡವಿದ್ದವು. ನೋಡಲು ಬಂದ ರಾಜ, "ಇದೇನು ಚೆನ್ನಾಜಿ, ಈ ಕೋಳಿಗೆ ಮೂರು ಕಾಲೇಕೆ?" ಎಂದು ಕೇಳಿದ.

"ಬಿಟ್ಟವರನ್ನೇ ಕೇಳಿ ಮಹಾಪ್ರಭು" ಎಂದು ಚೆನ್ನಾಜಿ ಪಕ್ಕಕ್ಕೆ ಸರಿದಳು.

ಸಿಂಗಾರಿ ಲಂಗ ಸರಿಮಾಡಿಕೊಂಡು ಮುಂದೆ ಬಂದಳು. ಕೋಳಿಗೆ ಮೂರು ಕಾಲು ಏಕೆಂದು ಹೇಳತೊಡಗಿದಳು. ಹೇಳಿದಳು, ಹೇಳಿದಳು, ಮಹಾರಾಜನ ಕಾಲು ನೋಯುವವರೆಗೂ ಹೇಳಿದಳು. ಕೊನೆಗೆ ಅವನೂ ಮಕ್ಕಳ ನಡುವೆ ನೆಲದ ಮೇಲೆ ಕೂತು ಕೇಳಿದ. ಸಿರಿಹೊಳೆಯವರೆಲ್ಲ ಸುಖವಾಗಿ ಬಾಳಿದರು, ಬೇಸಿಗೆ ಬಂದಾಗಲೆಲ್ಲ ಆ ಊರಿನ ಗಲಾಟೆ ಮೂರು ಊರಿಗೆ ಕೇಳುತ್ತಿತ್ತು.