ಕರ್ಟಿಸ್ ಬೋಡೆನ್‌ನ ಕಿರುಬೆರಳು

೨೦೧೦ರ ಸೆಪ್ಟೆಂಬರ್ ೨೧, ಮಂಗಳವಾರ. ಬೆಳಿಗ್ಗೆ ಏಳೂವರೆಗೆ, ಮನಿಲಾದಿಂದ ಮೂರು ಗಂಟೆ ದಾರಿಯ ಒಲೊಂಗಾಪೊದ ಬಾರೆಟ್ಟೊ ಪೊಲೀಸ್ ಠಾಣೆಗೆ ಇಬ್ಬರು ದೂರು ತಂದರು. ಒಬ್ಬ ಶವಸಂಸ್ಕಾರ ಗೃಹದ ಮಾಲೀಕ ಪ್ರುಡೆನ್ಸಿಯೊ ಕಬಿಗಾ. ಇನ್ನೊಬ್ಬಳು ರೊವೆನಾ ಎಂಬ ನಲವತ್ತರ ಹೆಂಗಸು; ಕರ್ಟಿಸ್ ಬೋಡೆನ್ ಎಂಬ ನಿವೃತ್ತ ಅಮೆರಿಕನ್ ನೌಕಾ ಸೈನಿಕನ ಜೊತೆ ಎರಡು ವರ್ಷದಿಂದ ಬಾಳುತ್ತಿದ್ದವಳು. ಬೋಡೆನ್ ಶನಿವಾರ ಎದೆನೋವಿನಿಂದ ತೀರಿಕೊಂಡಿದ್ದ. ಶವವನ್ನು ಕಬಿಗಾನ ಹಜಾರದಲ್ಲಿ ಇಟ್ಟು ಜನ ಹಗಲೂ ರಾತ್ರಿ ಸರದಿಯ ಮೇಲೆ ಹೆಣ ಕಾಯುತ್ತಿದ್ದರು. ಅವತ್ತು ಬೆಳಿಗ್ಗೆ ನೋಡಿದರೆ ಹೆಣದ ಎಡಗೈ ಕಿರುಬೆರಳೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಮಕರಾಯೆಗ್ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವನು ಕೋಳಿ, ಮೋಟಾರು, ಒಮ್ಮೆ ಚರ್ಚಿನ ಗಂಟೆ ಕಳುವಾದದ್ದನ್ನು ಬರೆದುಕೊಂಡಿದ್ದ. ಬೆರಳು ಇದೇ ಮೊದಲು. ಇದನ್ನು ಕಳವು ಅನ್ನುವುದೋ, ಹಲ್ಲೆ ಅನ್ನುವುದೋ? ಹಲ್ಲೆ ಅಂದರೆ ಯಾರ ಮೇಲೆ? ಕೊನೆಗೆ "ಶವವನ್ನು ಊನಗೊಳಿಸಿದ ಬಗ್ಗೆ" ಎಂದು ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಜೋಸೆಲಿನ್ ಅಬ್ರೆರಾಳನ್ನು ಕರೆದುಕೊಂಡು ಜೀಪು ಹತ್ತಿದ.

ಎಂಟೂಕಾಲಿಗೆ ಪಂಚನಾಮೆ ಶುರುವಾಯಿತು. ಪಂಚರಾಗಿ ವಾರ್ಡಿನ ಸದಸ್ಯನೊಬ್ಬ, ಎದುರಿನ ಕಾಫಿ ಅಂಗಡಿಯವನೊಬ್ಬ. ಶವಪೆಟ್ಟಿಗೆಯ ಮೇಲಿನ ಗಾಜು ಒಡೆದಿರಲಿಲ್ಲ. ಎತ್ತಿ, ಮತ್ತೆ ಸರಿಯಾಗಿ ಕೂರಿಸಿದ್ದರು. ಬೋಡೆನ್ ಕಪ್ಪು ಮೈಬಣ್ಣದ ಎತ್ತರದ ಆಳು, ಪೆಟ್ಟಿಗೆಯಲ್ಲಿ ಕಷ್ಟಪಟ್ಟು ಹಿಡಿಸಿದ್ದ. ಬಲಗೈಯ ಚಿನ್ನದ ಉಂಗುರ ಇದ್ದಲ್ಲೇ ಇತ್ತು. ಎಡಗೈ ಕಿರುಬೆರಳು ಮಾತ್ರ ಬುಡದ ಗೆಣ್ಣಿನಲ್ಲಿ ಕಳಚಿತ್ತು.

ಅಬ್ರೆರಾ ಬಗ್ಗಿ ನೋಡಿ, ಮೂಳೆಗೆ ಕತ್ತಿಯೇ ತಾಗಿಲ್ಲ, ಸಂದು ಹುಡುಕಿ ಬಿಡಿಸಿದ್ದಾರೆ, ದಿನಾ ಇದೇ ಕೆಲಸ ಮಾಡುವವರು ಎಂದಳು. ಮಕರಾಯೆಗ್ ಹೂಂ ಅಂದ. ಬಾರೆಟ್ಟೊದಲ್ಲಿ ದಿನಾ ಕತ್ತಿ ಹಿಡಿಯುವವರು ಅರ್ಧ ಊರು ಇದ್ದಾರೆ.

ಇನ್ನೊಂದು ವಿಷಯವನ್ನೂ ಪಂಚನಾಮೆಯಲ್ಲಿ ಬರೆದುಕೊಂಡರು. ಹೆಣದ ಕೈಗೆ ಸುತ್ತಿದ್ದ ಜಪಮಾಲೆಯನ್ನು ಒಂದು ಕಡೆ ಕತ್ತರಿಸಲಾಗಿತ್ತು. ಆಗ ಅದಕ್ಕೆ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ.

ಸೋಮವಾರ ರಾತ್ರಿ ಕಾವಲು ಕೂತವರನ್ನು ವಿಚಾರಿಸಿದರು. ನಾಲ್ಕು ಜನ ಇಸ್ಪೀಟು ಆಡುತ್ತಿದ್ದರಂತೆ, ಬೆಳಗಿನ ಜಾವ ಕಣ್ಣು ಎಳೆದಿತ್ತಂತೆ. ಯಾರು ಬಂದರು? ಬೇಕಾದಷ್ಟು ಜನ. ಯಾರು ಯಾವಾಗ ಹೋದರು? ಅದನ್ನು ಯಾರು ನೋಡುತ್ತಾರೆ? ಹೆಣದ ಮನೆಗೆ ಬಂದವರನ್ನು ನಮ್ಮಲ್ಲಿ ಬಾಗಿಲವರೆಗೆ ಕಳಿಸಿಕೊಡುವ ಪದ್ಧತಿಯಿಲ್ಲ, ಬಂದವರೂ ಹೇಳಿ ಹೋಗುವುದಿಲ್ಲ. ಹಾಗೆ ಮಾಡಿದರೆ ಸಾವೂ ಹಿಂದೆಯೇ ಹೊರಡುತ್ತದೆ ಎಂಬ ಭಯ. ಪೊಲೀಸರಿಗೆ ಇದಕ್ಕಿಂತ ಕೆಟ್ಟ ಪದ್ಧತಿ ಬೇರೆ ಬೇಕೆ?

ಇಸ್ಪೀಟಿನವರಲ್ಲೊಬ್ಬ, ತಾಯಿತ ಮಾಡುವವರಿಗೆ ಹೆಣದ ಬೆರಳು ಬೇಕಾಗುತ್ತದೆ ಎಂದು ಪಿಸುಗುಟ್ಟಿದ. ಆ ಮಾತು ನಂಬಿ ಇನ್ಸ್‌ಪೆಕ್ಟರ್ ಚರ್ಚಿನ ಮುಂದೆ ತಾಯಿತ ಮಾರುವ ಮುದುಕನ ಗಂಟುಮೂಟೆ ಬಿಚ್ಚಿಸಿದ. ಬೇರು, ನಾರು, ಹಿತ್ತಾಳೆ ಬಿಲ್ಲೆ ಬಿಟ್ಟರೆ ಏನೂ ಸಿಗಲಿಲ್ಲ. ಮುದುಕ ಬೊಚ್ಚುಬಾಯಲ್ಲಿ ನಕ್ಕ.

"ಅಮೆರಿಕದವನ ಬೆರಳಾ ಸಾರ್? ಅದಕ್ಕೆ ನಮ್ಮ ಮಂತ್ರ ಎಲ್ಲಿ ಅರ್ಥ ಆಗತ್ತೆ?"

ಮಧ್ಯಾಹ್ನ ಮಕರಾಯೆಗ್ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. ಪಂಚನಾಮೆಯ ಫೋಟೊ ತೆಗೆದು ನೋಡಿದ. ಸಡಿಲವಾಗಿ ಸುತ್ತಿದ್ದ ಜಪಮಾಲೆ. ಬೆರಳು ಬೇಕಿದ್ದವರು ಅದನ್ನು ಪಕ್ಕಕ್ಕೆ ಸರಿಸಿದ್ದರೆ ಸಾಕಿತ್ತು. ಇವರು ಕತ್ತರಿಸಿದ್ದರು, ಕತ್ತರಿಸಿ, ಎರಡು ತುದಿಗಳನ್ನೂ ನೀಟಾಗಿ ಎದೆಯ ಮೇಲೆ ಇಟ್ಟಿದ್ದರು.

ಜಪಮಾಲೆ ಕತ್ತರಿಸುವುದು ಯಾವಾಗ? ಪೆಟ್ಟಿಗೆ ಮುಚ್ಚುವ ಹೊತ್ತಿಗೆ. ಯಾರು ಕತ್ತರಿಸುತ್ತಾರೆ? ಮನೆಯವರು. ಹಾಗೇ ಬಿಟ್ಟರೆ ಸತ್ತವನು ಅದೇ ಸರ ಹಿಡಿದು ತನ್ನ ರಕ್ತದವರನ್ನು ಒಬ್ಬೊಬ್ಬರಾಗಿ ಎಳೆದುಕೊಳ್ಳುತ್ತಾನೆ ಎಂದು ನಮ್ಮ ತಾಯಂದಿರು ನಂಬಿದ್ದಾರೆ. ಕಳ್ಳನಿಗೆ ಆ ಭಯ ಯಾಕೆ? ಸತ್ತವನ ರಕ್ತ ಯಾರ ಮನೆಯಲ್ಲಿದೆಯೋ ಅವರಿಗೆ ಮಾತ್ರ ಆ ಭಯ.

ಎರಡು ಗಂಟೆಗೆ ರೊವೆನಾಳನ್ನು ಮತ್ತೆ ಕರೆಸಿದರು.

"ಬೋಡೆನ್‌ಗೆ ಈ ಊರಲ್ಲಿ ಮಕ್ಕಳಿದ್ದಾರಾ?"

"ಮಗ ಇದಾನೆ, ಅಮೆರಿಕದಲ್ಲಿ. ಬುಧವಾರ ಬರ್ತಾನೆ. ಗುರುವಾರ ದಹನ ಮಾಡಿ ಬೂದಿ ತಗೊಂಡು ಹೋಗ್ತಾನೆ."

"ಈ ಊರಲ್ಲಿ ಅಂತ ಕೇಳಿದೆ."

ರೊವೆನಾ ಅಂಗಿಯ ತುದಿ ಹಿಡಿದುಕೊಂಡಳು. ಆಮೇಲೆ ಹೇಳಿದಳು. ಮೀನು ಮಾರ್ಕೆಟ್ಟಿನ ನೆನಿತಾ ದುಮ್ಲಾವೊಳ ಮಗಳು ಮಾರಿಜೆಲ್. ಇಲ್ಲಿನ ಅಮೆರಿಕನ್ ನೌಕಾನೆಲೆ ಮುಚ್ಚಿ ಹಡಗುಗಳು ಹೊರಟ ವರ್ಷ ಹುಟ್ಟಿದವಳು. ಬೋಡೆನ್ ಹೋಗುವಾಗ ನೆನಿತಾಗೆ ಏಳು ತಿಂಗಳು. ಮದುವೆಯಾಗಿರಲಿಲ್ಲ. ಹದಿನಾರು ವರ್ಷ ಬಿಟ್ಟು ನಿವೃತ್ತನಾಗಿ ಬಂದವನು ಹುಡುಗಿಯನ್ನು ಹುಡುಕಿಕೊಂಡು ಹೋಗಿದ್ದ. ಹುಡುಕುವುದೇನು ಬಂತು, ಬೀದಿಯಲ್ಲಿ ನಡೆದರೆ ಮುಖವೇ ಹೇಳುತ್ತಿತ್ತು. ಭಾನುವಾರ ಭಾನುವಾರ ಇಬ್ಬರೂ ಹುರಿದ ಕೋಳಿ ತಿನ್ನಲು ಹೋಗುತ್ತಿದ್ದರು. ಮೊದಮೊದಲು ಮಿಸ್ಟರ್ ಕರ್ಟಿಸ್ ಎನ್ನುತ್ತಿದ್ದವಳು ಈಚೆಗೆ ಡ್ಯಾಡಿ ಎನ್ನುತ್ತಿದ್ದಳು.

"ನೆನಿತಾ ನಿನ್ನ ಹತ್ರ ಬಂದಿದ್ಲಾ?"

"ಭಾನುವಾರ ಬಂದಿದ್ಲು. ಪರೀಕ್ಷೆಗೆ ಅವನ ಮೈಯಿಂದ ಏನಾದ್ರೂ ತೆಗೆಸಿಕೊಡು ಅಂತ ಕಾಲು ಹಿಡಿದ್ಲು. ಮಗನಿಗೆ ಫೋನ್ ಮಾಡ್ದೆ. ಅಪ್ಪನ್ನ ಯಾರೂ ಮುಟ್ಟಬಾರದು ಅಂದ. ನಾನು ಮದುವೆಯಾದವಳಲ್ಲವಲ್ಲ ಸಾರ್, ನನ್ನ ಮಾತು ಎಲ್ಲಿ ನಡೆಯತ್ತೆ?"

"ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ?"

ಅವಳಿಗೆ ಹೇಳುವ ಮನಸ್ಸಿರಲಿಲ್ಲ, ಅಷ್ಟೇ. ದೂರು ಕೊಡಲು ಕಬಿಗಾ ಎಳೆದುಕೊಂಡು ಬಂದಿದ್ದ.

ಮೀನು ಮಾರ್ಕೆಟ್ಟಿಗೆ ಹೋದಾಗ ಮೂರು ಗಂಟೆ. ವ್ಯಾಪಾರ ಮುಗಿದು ಕಲ್ಲು ತೊಳೆಯುವ ಸಮಯ. ಪಕ್ಕದ ಕಲ್ಲಿನ ಸೀಗಡಿ ಮಾರುವವಳು, ಪೊಲೀಸರು ಇಷ್ಟೊತ್ತಿಗೆ ಬಂದಿದ್ದಾರೆ ಅಂದರೆ ಪುಕ್ಕಟೆ ಮೀನಿಗೇ ಎಂದು ಕೇಳಿಸುವ ಹಾಗೆ ಗೊಣಗಿದಳು. ನೆನಿತಾ ಕೈ ಒರೆಸಿಕೊಂಡು ನಿಂತಳು. ಸಣ್ಣ ಮೈಕಟ್ಟಿನ ಹೆಂಗಸು. ಓಡುವ ಯೋಚನೆ ಅವಳಿಗೆ ಬಂದಂತೆ ಕಾಣಲಿಲ್ಲ.

"ಅಕ್ಕ, ಎಲ್ಲಿದೆ?" ಎಂದ ಮಕರಾಯೆಗ್.

"ಮೀನಿನ ಜೊತೆ ಇಟ್ಟಿಲ್ಲ ಸಾರ್. ನನಗೂ ಮರ್ಯಾದೆ ಇದೆ."

ಕಲ್ಲಿನ ಕೆಳಗೆ ಪುಟ್ಟ ಐಸ್ ಡಬ್ಬಿ. ಒಳಗೆ ಮಗಳ ಶಾಲೆಯ ಊಟದ ಡಬ್ಬಿ, ಅದರೊಳಗೆ ಬಿಳಿ ಕರವಸ್ತ್ರದಲ್ಲಿ ಸುತ್ತಿದ ಬೆರಳು. ಕರವಸ್ತ್ರಕ್ಕೆ ಇಸ್ತ್ರಿ ಹಾಕಿತ್ತು. ಅಬ್ರೆರಾ ಮುಖ ತಿರುಗಿಸಿಕೊಂಡಳು. ಜೊತೆಗೆ ಕರೆತಂದಿದ್ದ ಅದೇ ಪಂಚರ ಎದುರು ಜಪ್ತಿ ಮಾಡಿ, ಮೂರು ಇಪ್ಪತ್ತಕ್ಕೆ ನೆನಿತಾ ದುಮ್ಲಾವೊಳನ್ನು ಬಂಧಿಸಿದರು. ಕೈಕೋಳ ಹಾಕಲಿಲ್ಲ. ಸೀಗಡಿಯವಳು ಈಗ ಏನೂ ಗೊಣಗದೆ ನೆನಿತಾಳ ಕಲ್ಲಿಗೆ ತಾನೇ ನೀರು ಹೊಯ್ದಳು.

ಠಾಣೆಯಲ್ಲಿ ಹೇಳಿಕೆ ಪಡೆದರು. ಅವಳು ಏನನ್ನೂ ಮುಚ್ಚಿಡಲಿಲ್ಲ. ರೇಡಿಯೊದಲ್ಲಿ ವಕೀಲರೊಬ್ಬರು ಪ್ರಶ್ನೆಗಳಿಗೆ ಉತ್ತರ ಹೇಳುವ ಕಾರ್ಯಕ್ರಮ ಬರುತ್ತದಂತೆ. ಮದುವೆಯಾಗದ ಅಮೆರಿಕನ್ ಸೈನಿಕನಿಗೆ ಹೊರದೇಶದಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ ಆಗಬೇಕಾದರೆ, ಅದಕ್ಕೆ ಹದಿನೆಂಟು ತುಂಬುವುದರೊಳಗೆ ಅಪ್ಪ ಆಣೆ ಮಾಡಿ ಇದು ನನ್ನದೇ ಅಂತ ಬರೆದುಕೊಡಬೇಕು, ಇಲ್ಲವೇ ಕೋರ್ಟು ಹೇಳಬೇಕು. ಅದನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ಬೋಡೆನ್‌ಗೆ ಹೇಳಿದರೆ, ಇನ್ನೂ ಬೇಕಾದಷ್ಟು ಸಮಯ ಇದೆ ಎನ್ನುತ್ತಿದ್ದನಂತೆ. ಮಾರಿಜೆಲ್‌ಗೆ ಹದಿನೆಂಟು ತುಂಬುವುದು ಶುಕ್ರವಾರ. ಅಪ್ಪ ಸತ್ತ, ಉಳಿದದ್ದು ಕೋರ್ಟು. ಕೋರ್ಟಿಗೆ ಪುರಾವೆ ಬೇಕು. ಕೆಡದಂತೆ ಔಷಧಿ ತುಂಬಿದ ಹೆಣದ ರಕ್ತ ಕೆಲಸಕ್ಕೆ ಬಾರದು, ಮೂಳೆಯಾದರೆ ಸುಳ್ಳು ಹೇಳುವುದಿಲ್ಲ ಎಂದೂ ಅದೇ ರೇಡಿಯೊ ಹೇಳಿತ್ತು.

"ಗುರುವಾರ ಸುಟ್ಟುಬಿಡ್ತಾರೆ. ಬೂದಿ ಏನು ಹೇಳತ್ತೆ ಸಾರ್?"

"ಜಪಮಾಲೆ ಯಾಕೆ ಕತ್ತರಿಸಿದ್ರಿ?"

"ಅವನ ಮಗಳಲ್ವಾ ಅವಳು. ಎಳಕೊಂಡುಬಿಟ್ರೆ?"

ಬರೆದುಕೊಳ್ಳುತ್ತಿದ್ದ ಅಬ್ರೆರಾ ಪೆನ್ನು ಕೆಳಗಿಟ್ಟಳು.

ನೆನಿತಾ ಮುಂದುವರಿಸಿದಳು, ಯಾರೂ ಕೇಳದಿದ್ದರೂ. ಶಾಲೆಯಲ್ಲಿ ಮಗಳನ್ನು ಇದ್ದಿಲು ಅಂತ ಕರೆದರು. ಗೂಡಂಗಡಿಯ ಗಂಡಸರು ನಿಮ್ಮಪ್ಪ ಯಾವ ಹಡಗು ಅಂತ ಕೇಳಿದರು. ಹದಿನಾರು ವರ್ಷ ಹುಡುಗಿ ತಲೆತಗ್ಗಿಸಿ ನಡೆದಳು. ಅಪ್ಪನ ಜೊತೆ ಕೋಳಿ ತಿನ್ನಲು ಹೋಗತೊಡಗಿದ ಮೇಲೆ ತಲೆ ಎತ್ತಿದಳು. "ಆ ದೇಶ ನೋಡಬೇಕು ಅಂತ ಅಲ್ಲ ಸಾರ್. ಇಂಥವರ ಮಗಳು ಅಂತ ಒಂದು ಸರ್ಕಾರ ಹೇಳಲಿ. ಅಷ್ಟೇ ಬೇಕಾಗಿದ್ದು."

ಬುಧವಾರ ಬೆಳಿಗ್ಗೆ ಬಡವರ ಪರ ವಾದಿಸುವ ಸರ್ಕಾರಿ ವಕೀಲೆ ಕ್ರಿಸಾಂತಾ ಲಗ್ಮಾನ್ ಬಂದರು. ಅವರು ಮಾತಿನಲ್ಲಿ ಬಲು ಖಾರ, ಆದರೆ ಕೆಲಸಕ್ಕೆ ನಿಂತರೆ ಕೂರುವವರಲ್ಲ. ಅರ್ಜಿ ಬರೆದುಕೊಂಡು ಕೋರ್ಟಿಗೆ ಓಡಿದರು, ನ್ಯಾಯಾಧೀಶರ ಕೋಣೆಯ ಹೊರಗೆ ಮಧ್ಯಾಹ್ನದವರೆಗೆ ನಿಂತರು. ಸಿಕ್ಕಿದ್ದು ನವೆಂಬರ್ ತಿಂಗಳ ದಿನಾಂಕ. ಸಂಜೆ ಠಾಣೆಗೆ ಬಂದು ಧೊಪ್ಪನೆ ಕುರ್ಚಿಯಲ್ಲಿ ಕೂತರು.

"ಮದುವೆಯಾಗಿದ್ದಿದ್ರೆ ಹುಟ್ಟಿದ ದಿನವೇ ಪ್ರಜೆ. ಅಮ್ಮ ಅಮೆರಿಕದವಳಾಗಿದ್ದಿದ್ರೂ ಇಷ್ಟೆಲ್ಲ ಕೇಳ್ತಿರಲಿಲ್ಲ. ಅಪ್ಪ ಅಮೆರಿಕದವನು ಅಂದ್ರೆ ಮಾತ್ರ ಆಣೆ, ಪ್ರಮಾಣ, ಗಡುವು. ನವೆಂಬರಿನಲ್ಲಿ ಆ ಬೆರಳು ಎದ್ದು ನಿಂತು ಸಾಕ್ಷಿ ಹೇಳಿದ್ರೂ ಅಷ್ಟೇ ಇನ್ಸ್‌ಪೆಕ್ಟರೇ. ಮುಗೀತು."

ಬೋಡೆನ್ ಎರಡು ವರ್ಷ ಇಲ್ಲೇ ಇದ್ದೂ ಯಾಕೆ ಬರೆದುಕೊಡಲಿಲ್ಲ ಎಂಬುದು ಕಡತದಲ್ಲಿ ಖಾಲಿ ಉಳಿದಿತ್ತು. ಅದನ್ನು ತುಂಬಲು ಮಕರಾಯೆಗ್ ರೊವೆನಾಳ ಮನೆಗೆ ಹೋದ. ಅವಳು ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು.

ಅವನಿಗೆ ಮನಸ್ಸಿರಲಿಲ್ಲ ಅಂತಲ್ಲ, ಅಂದಳು. ಮನಿಲಾದ ರಾಯಭಾರ ಕಚೇರಿಯಲ್ಲಿ ಸಮಯ ಕೇಳಿ ಗೊತ್ತುಮಾಡಿದ್ದ. ಮಗಳಿಗೆ ಹೊಸ ಬಿಳಿ ಅಂಗಿ ಹೊಲಿಸಲು ಕೊಟ್ಟಿದ್ದ. ಇಪ್ಪತ್ತೊಂದರವರೆಗೆ ಅವಕಾಶ ಇದೆ ಅಂತ ಬಾರಿನಲ್ಲಿ ಕೂರುವ ಹಳೇ ನಾವಿಕರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು, ಇವನೂ ಹಾಗೇ ಅಂದುಕೊಂಡಿದ್ದ. ಅದಕ್ಕೇ ಆತುರಪಡಲಿಲ್ಲ.

"ಯಾವತ್ತಿಗೆ ಗೊತ್ತುಮಾಡಿದ್ದ?"

"ಶುಕ್ರವಾರಕ್ಕೆ. ಹದಿನೆಂಟನೇ ಹುಟ್ಟುಹಬ್ಬಕ್ಕೆ ಇದೇ ನನ್ನ ಉಡುಗೊರೆ ಅಂತಿದ್ದ. ಅಮ್ಮ ಮಗಳಿಗೆ ಈ ವಾರ ಕರಕೊಂಡು ಹೋಗ್ತೀನಿ ಅಂತ ಮಾತ್ರ ಹೇಳಿದ್ದ, ಯಾವ ದಿನ ಅಂತ ಹೇಳಿರಲಿಲ್ಲ."

ಮಕರಾಯೆಗ್ ಅಂಗಳಕ್ಕೆ ಬಂದು ವಕೀಲೆಗೆ ಫೋನ್ ಮಾಡಿದ. ಆ ಕಡೆಯಿಂದ ಲಗ್ಮಾನ್, ಇಪ್ಪತ್ತೊಂದು ಅನ್ನುವುದು ಹಳೇ ಕಾನೂನು, ಈ ಹುಡುಗಿ ಹುಟ್ಟುವ ಮೊದಲೇ ಬದಲಾಗಿತ್ತು ಎಂದರು. ಹದಿನೆಂಟು ತುಂಬುವುದರೊಳಗೆ ಅಂದರೆ ಒಳಗೆ. ಗುರುವಾರವೇ ಕಡೆಯ ದಿನ. ಶುಕ್ರವಾರ ಅವನು ಬದುಕಿದ್ದು, ಸೂಟು ಹಾಕಿಕೊಂಡು, ಕೈಯೆತ್ತಿ ಆಣೆ ಮಾಡಿದ್ದರೂ ನಡೆಯುತ್ತಿರಲಿಲ್ಲ.

ಅಯ್ಯೋ ದೇವರೇ, ಪ್ರೀತಿ ಮಾಡುವವರಿಗೆ ಸ್ವಲ್ಪವಾದರೂ ಬುದ್ಧಿ ಕೊಡಬಾರದೇ.

ರೊವೆನಾಳ ಬಾಗಿಲಲ್ಲಿ ಮಾರಿಜೆಲ್ ನಿಂತಿದ್ದಳು. ಆ ಬಿಳಿ ಅಂಗಿ ತೆಗೆದುಕೊಂಡು ಹೋಗಲು ಬಂದಿದ್ದವಳು. ಫೋನಿನಿಂದ ಹೊರಗೆ ಬರುತ್ತಿದ್ದ ವಕೀಲೆಯ ಜೋರು ದನಿಯನ್ನೂ ಸೇರಿಸಿ ಎಲ್ಲ ಕೇಳಿಸಿಕೊಂಡಿದ್ದಳು.

ಗುರುವಾರ ಬೋಡೆನ್‌ನ ಮಗನ ಸಹಿ ಪಡೆದು ಬೆರಳನ್ನು ಒಪ್ಪಿಸಿದರು. ಅದನ್ನು ಕೈಗೆ ಸೇರಿಸಿ ದಹನ ಮಾಡಿದರು. ಮಗ ಹೊರಡುವ ಮೊದಲು ದೂರದಲ್ಲಿ ನಿಂತಿದ್ದ ಮಾರಿಜೆಲ್‌ಳನ್ನು ಎರಡು ಸಲ ತಿರುಗಿ ನೋಡಿ ಕಾರು ಹತ್ತಿದ.

ಶುಕ್ರವಾರ ಮಧ್ಯಾಹ್ನ ಮಾರಿಜೆಲ್ ಬಿಳಿ ಅಂಗಿ ಹಾಕಿಕೊಂಡು ಠಾಣೆಗೆ ಬಂದಳು. ಹುಟ್ಟುಹಬ್ಬಕ್ಕೆ ಆಯುಷ್ಯ ಹೆಚ್ಚಲಿ ಅಂತ ಮಾಡುವ ಉದ್ದ ಶ್ಯಾವಿಗೆಯನ್ನು ಸೀಗಡಿಯವಳು ಮಾಡಿ ಕಳಿಸಿದ್ದಳು. ಇನ್ಸ್‌ಪೆಕ್ಟರ್ ಲಾಕಪ್ ತೆಗೆಸಿ ನೆನಿತಾಳನ್ನು ಬೆಂಚಿನ ಮೇಲೆ ಕೂರಿಸಿದ. ಅಮ್ಮ ಮಗಳು ಒಂದೇ ತಟ್ಟೆಯಲ್ಲಿ ತಿಂದರು. ಅಬ್ರೆರಾಗೂ ಒಂದು ಪಾಲು ಬಂತು.

ತಿನ್ನುತ್ತಾ ತಿನ್ನುತ್ತಾ ನೆನಿತಾ ತಲೆಯೆತ್ತಿ ಕೇಳಿದಳು.

"ಸಾರ್, ಅವನು ಇನ್ನೊಂದು ವಾರ ಬದುಕಿದ್ದಿದ್ರೆ ಆಗಿಹೋಗ್ತಿತ್ತು ಅಲ್ವಾ? ಬರೆದುಕೊಡ್ತಿದ್ದ ಅಲ್ವಾ?"

ಮಾರಿಜೆಲ್ ತಾಯಿಯ ಭುಜದ ಹಿಂದಿನಿಂದ ಇನ್ಸ್‌ಪೆಕ್ಟರನ್ನೇ ನೋಡಿದಳು. ಹೇಳಬೇಡಿ ಎನ್ನುವಂತೆ ತಲೆಯನ್ನು ಚೂರೇ ಚೂರು ಅಡ್ಡಡ್ಡ ಆಡಿಸಿದಳು.

"ಬರೆದುಕೊಡ್ತಿದ್ದ ಅಕ್ಕ," ಎಂದ ಮಕರಾಯೆಗ್. "ಸಮಯ ಕೂಡ ಗೊತ್ತುಮಾಡಿದ್ದ. ನಾನು ವಿಚಾರಿಸಿದೀನಿ."

"ಹಾಗಾದ್ರೆ ಮನಸ್ಸಿತ್ತು ಅಂತಾಯ್ತು," ಅಂದಳು ನೆನಿತಾ. "ನಾನೇ ಪಾಪಿ, ಎರಡು ವರ್ಷ ಅವನನ್ನ ಬೈಕೊಂಡೆ. ಸಾಕು ಬಿಡಿ."

ಅವಳು ಅಳುತ್ತಿದ್ದಳು, ಜೊತೆಗೆ ಹಸಿವೂ ಆಗಿತ್ತು. ಮಗಳು ತಟ್ಟೆಗೆ ಇನ್ನಷ್ಟು ಶ್ಯಾವಿಗೆ ಬಡಿಸಿದಳು.